ಸೆನ್ಸರ್ ಬದಲಾಯಿಸಿದರೂ ಚೆಕ್ ಎಂಜಿನ್ ಲೈಟ್ ಆರುತ್ತಿಲ್ಲ, ತಲೆ ಕೆಟ್ಟುಹೋಗಿದೆ

ಹಳದಿದೀಪ: ಲೈಟ್ ಇದು ಮೂರನೇ ಸಲ ಬಂದಿದೆ. ಆಕ್ಸಿಜನ್ ಸೆನ್ಸರ್ ಹೊಸದು ಹಾಕಿದೆ, ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಅಳಿಸಿದೆ, ಎರಡು ದಿನ ಸುಮ್ಮನಿತ್ತು, ಆಮೇಲೆ ಮತ್ತೆ ಅದೇ ರಾಗ. ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತದೆ. ಇನ್ನೇನು ಬದಲಾಯಿಸಬೇಕು ಹೇಳಿ ಮಾರಾಯರೇ.

ಹಳೇಗಾಡಿ: ಕೋಡ್ ಯಾವುದು? ಪೆಟ್ರೋಲಾ ಡೀಸೆಲಾ, ಅದೂ ಹೇಳಿಲ್ಲ.

ಹಳದಿದೀಪ: ಪೆಟ್ರೋಲೇ. ಪಿ0171. ಲೀನ್ ಅಂತ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತ ಬರುತ್ತದೆ, ಅದಕ್ಕೇ ಸೆನ್ಸರ್ ಹಾಕಿದ್ದು.

ನಟ್ಟುಬೋಲ್ಟು: 0171 ಅಂದರೆ ಕಣ್ಣು ಮುಚ್ಚಿಕೊಂಡು ಮಾಫ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿ ಅಳೆಯುವುದು) ತೊಳೆಯಿರಿ. ಅದರ ತಂತಿ ಮೇಲೆ ಧೂಳು ಕೂತರೆ ಒಳಗೆ ಹೋಗುವ ಗಾಳಿಯನ್ನು ಕಮ್ಮಿ ಅಂತ ಲೆಕ್ಕ ಕೊಡುತ್ತದೆ, ಎಂಜಿನ್ ಕಂಪ್ಯೂಟರ್ ಇಸಿಯು ಪೆಟ್ರೋಲೂ ಕಮ್ಮಿ ಬಿಡುತ್ತದೆ. ಮಾಫ್ ಕ್ಲೀನರ್ ಮಾತ್ರ ಹೊಡೆಯಿರಿ, ಬಟ್ಟೆಯಿಂದ ಒರೆಸಬೇಡಿ.

ಹಳೇಗಾಡಿ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಇದೆ ಅಂತ ಸೆನ್ಸರ್ ಸರಿಯಾಗೇ ಹೇಳಿತ್ತು, ನೀವು ಅದನ್ನೇ ಕಿತ್ತಿರಿ. ಕೋಡ್ ಅಳಿಸಿದ್ದರಿಂದ ಫ್ರೀಜ್ ಫ್ರೇಮ್, ಅಂದರೆ ಕೋಡ್ ಬಂದ ಕ್ಷಣದ ರೆಕಾರ್ಡ್ ಕೂಡ ಹೋಯಿತು. ಲೈವ್ ಡೇಟಾದಲ್ಲಿ ಲಾಂಗ್ ಟರ್ಮ್, ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ ಎರಡೂ ನೋಡಿ, ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಮ್ಮಿ ಮಾಡುತ್ತಿದೆ ಅಂತ ಅದು ತೋರಿಸುತ್ತದೆ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ.

ಸ್ಕೋಪ್‌ಸ್ವಾಮಿ: ಇವರ ಹತ್ತಿರ ಇರುವುದು ಇಎಲ್‌ಎಂ327 ಡಬ್ಬ (ಅಗ್ಗದ ಸ್ಕ್ಯಾನರ್) ಇರಬೇಕು, ಅದರಲ್ಲಿ ಏನು ಕಾಣುತ್ತದೆ? ನಾನಂತೂ ಲ್ಯಾಪ್‌ಟಾಪ್, ಸಿಗ್ನಲ್ ನೋಡುವ ನಾಲ್ಕು ಚಾನಲ್ ಸ್ಕೋಪ್, ತೂತು ಹುಡುಕಲು ಹೊಗೆ ಬಿಡುವ ಮಷೀನ್ ಇಲ್ಲದೆ ಬಾನೆಟ್ ಎತ್ತುವುದೇ ಇಲ್ಲ.

ಹಳೇಗಾಡಿ: ಟ್ರಿಮ್ ನೋಡಲು ಆ ಡಬ್ಬ ಸಾಕು ಸ್ವಾಮಿ.

ಸ್ಕೋಪ್‌ಸ್ವಾಮಿ: ನಕಲಿ ಡಬ್ಬಗಳು ಎಷ್ಟು ನಿಧಾನ ಅಂತ ಗೊತ್ತಿದ್ದೂ ಹೀಗೆ ಹೇಳುತ್ತೀರಲ್ಲ.

ನಟ್ಟುಬೋಲ್ಟು: ಮಾಫ್ ತೊಳೆದಿರಾ?

ಹಳದಿದೀಪ: ತೊಳೆದೆ, ಏನೂ ಆಗಲಿಲ್ಲ. ಐಡ್ಲಿಂಗ್‌ನಲ್ಲಿ ಲಾಂಗ್ +21, ಶಾರ್ಟ್ +6. 2500ರಲ್ಲಿ ಲಾಂಗ್ +4, ಶಾರ್ಟ್ ಸೊನ್ನೆ ಆಸುಪಾಸು.

ನಟ್ಟುಬೋಲ್ಟು: ಸರಿಯಾಗಿ ತೊಳೆದಿರುವುದಿಲ್ಲ. ಇನ್ನೊಮ್ಮೆ ಹೊಡೆಯಿರಿ.

ಹಳೇಗಾಡಿ: ಮಾಫ್ ಕೊಳೆಯಾದರೆ ಸಾಮಾನ್ಯವಾಗಿ ಗಾಳಿ ಜಾಸ್ತಿ ಎಳೆದಷ್ಟೂ ತಪ್ಪು ಜಾಸ್ತಿಯಾಗುತ್ತದೆ. ಪೆಟ್ರೋಲ್ ಪಂಪ್ ಸುಸ್ತಾಗಿದ್ದರೂ ಲೋಡ್ ಬಿದ್ದಾಗಲೇ ಕೈಕೊಡುತ್ತದೆ. ಇಲ್ಲಿ ಉಲ್ಟಾ ಅಲ್ವಾ? ಐಡ್ಲಿಂಗ್‌ನಲ್ಲಿ ಒಟ್ಟು +27, ಎಳೆದರೆ ಇಳಿಯುತ್ತದೆ. ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಜೋರು, ಒಟ್ಟು ಗಾಳಿ ಕಮ್ಮಿ, ಹಾಗಾಗಿ ಸಣ್ಣ ತೂತೂ ದೊಡ್ಡದಾಗಿ ಕಾಣುತ್ತದೆ. ಮಾಫ್ ದಾಟಿದ ಮೇಲೆ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ. ಇತ್ತೀಚೆಗೆ ಯಾರಾದರೂ ಎಂಜಿನ್ ಮುಟ್ಟಿದ್ದರಾ?

ಹಳದಿದೀಪ: ಇಲ್ಲ. ಎಂಜಿನ್ ಮೇಲಿನ ಟ್ಯಾಪೆಟ್ ಕವರ್‌ನ ಗ್ಯಾಸ್ಕೆಟ್ ಹಾಕಿಸಿದ್ದೆ ಅಷ್ಟೇ, ಆಯಿಲ್ ಜಿನುಗುತ್ತಿತ್ತು. ಲೈಟ್ ಬಂದಿದ್ದು ಅದಾಗಿ ಒಂದು ವಾರಕ್ಕೆ, ಹಾಗಾಗಿ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಳೇಗಾಡಿ: ಅಷ್ಟೇ ಅಂತೆ! ಆ ಕವರ್ ಬಿಚ್ಚಬೇಕಾದರೆ ಪಿಸಿವಿ ಹೋಸ್ (ಎಂಜಿನ್ ಒಳಗಿನ ಗ್ಯಾಸನ್ನು ಮ್ಯಾನಿಫೋಲ್ಡ್‌ಗೆ ಎಳೆಯುವ ಪೈಪು) ಎಳೆಯಲೇಬೇಕು. ಹಳೆ ರಬ್ಬರ್ ಬಿಸಿಗೆ ಗಟ್ಟಿಯಾಗಿರುತ್ತದೆ, ಎಳೆದರೆ ಸೀಳುತ್ತದೆ. ಹೋಸ್ ಹೊರತೆಗೆದು ಬಗ್ಗಿಸಿ ನೋಡಿ, ಕೆಳಗೆ ಮೊಣಕೈಯಂತೆ ಬಾಗಿದ ಕಡೆ ನೋಡಿ.

ಲಟಾರಿ88: ಐಡ್ಲಿಂಗ್‌ನಲ್ಲಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದರೆ ಒಂದು ನಿಮಿಷದ ಕೆಲಸ, ತೂತಿನ ಹತ್ತಿರ ಬಂದಾಗ ಎಂಜಿನ್ ಸದ್ದು ಬದಲಾಗುತ್ತದೆ.

ಸ್ಕೋಪ್‌ಸ್ವಾಮಿ: ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಗಾಡಿಗೇ ಬೆಂಕಿ. ಹೊಗೆ ಮಷೀನ್ ಯಾಕೆ ಇರುವುದು?

ಲಟಾರಿ88: ಇಪ್ಪತ್ತು ವರ್ಷದಿಂದ ಹೊಡೆಯುತ್ತಿದ್ದೇನೆ, ಹುಬ್ಬು ಇನ್ನೂ ಇದೆ.

ಹಳದಿದೀಪ: ಹೋಸ್ ಸೀಳಿತ್ತು! ಮೇಲಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ, ಬಗ್ಗಿಸಿದಾಗ ಬಾಯಿ ಬಿಟ್ಟಿತು. ಹೊಸದು ಹಾಕಿ ಓಡಿಸಿದೆ. ನಡುಕ ಹೋಯಿತು, ಐಡ್ಲಿಂಗ್‌ನಲ್ಲಿ ಎರಡೂ ಸೇರಿ +7. ಸುಮ್ನೆ ಸೆನ್ಸರ್‌ಗೆ ದುಡ್ಡು ಸುರಿದೆ.

ಹಳೇಗಾಡಿ: ಹತ್ತರ ಒಳಗಿದ್ದರೆ ತೊಂದರೆ ಇಲ್ಲ. ಲಾಂಗ್ ಟರ್ಮ್ ಇನ್ನೂ ಇಳಿಯಬಹುದು. ಒಂದು ವಾರ ಓಡಿಸಿ ಮತ್ತೆ ನೋಡಿ, ಕೋಡ್ ಅಳಿಸುವ ಚಟ ಬಿಡಿ.

ನಟ್ಟುಬೋಲ್ಟು: ಆ +7 ಯಾಕೆ ಉಳಿದಿದೆ ಗೊತ್ತಾ? ಮಾಫ್.