ಶಿರಸಿಯಲ್ಲಿ ಉಳಿದು ಕಾರಿನಲ್ಲಿ ಸುತ್ತಾಟ: ಯಾವ ದಿನ ಯಾವ ಕಡೆ?

ವಿಜಯನಗರದವಳು:

ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಶಿರಸಿಗೆ ಬರುತ್ತಿದ್ದೇವೆ. ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಪಕ್ಕ ಒಂದು ಹೋಂಸ್ಟೇ ಸಿಕ್ಕಿದೆ. ಓಡಾಟಕ್ಕೆ ಪೂರ್ತಿ ಸಿಗುವುದು ನಾಲ್ಕು ದಿನ. ನಾನು, ಗಂಡ, ಒಂಬತ್ತು ವರ್ಷದ ಮಗ, ಜೊತೆಗೆ ಅಪ್ಪ ಅಮ್ಮ. ಬೆಂಗಳೂರಿನಿಂದ ನಮ್ಮದೇ ಕಾರು. ಅಮ್ಮನಿಗೆ ಮೊಣಕಾಲು ನೋವು. ನೆಲ ಸಮ ಇದ್ದರೆ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಆಗುವುದಿಲ್ಲ. ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು, ಬನವಾಸಿ ನೋಡಬೇಕೆಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಮಗನಿಗೆ ಜೋಗ ಬೇಕು.

ಜೋಗ, ಉಂಚಳ್ಳಿ, ಯಾಣ, ಸಹಸ್ರಲಿಂಗ, ಸೋಂದಾ, ಮಾಗೋಡು, ಸಾತೊಡ್ಡಿ, ಬನವಾಸಿ, ಗೋಕರ್ಣ, ಮುರುಡೇಶ್ವರ ಎಂದು ಪಟ್ಟಿ ಬರೆದುಕೊಂಡಿದ್ದೇನೆ. ಮ್ಯಾಪಿನಲ್ಲಿ ನೋಡಿದರೆ ಯಾವುದೂ ದೂರ ಅನ್ನಿಸುವುದಿಲ್ಲ. ಯಾವುದಕ್ಕೆ ಯಾವುದನ್ನು ಜೋಡಿಸಲಿ, ಯಾವುದನ್ನು ಬಿಡಲಿ? ಆ ಕಡೆಯವರು ದಯವಿಟ್ಟು ಹೇಳಿ.

ಬೆಟ್ಟದಂಚಿನವ:

ನಮ್ಮ ಮನೆ ಶಿರಸಿ ತಾಲೂಕಿನಲ್ಲೇ. ರಜೆಗೆ ಬರುವ ನೆಂಟರನ್ನೆಲ್ಲ ಸುತ್ತಿಸುವ ಕೆಲಸ ಮನೆಯಲ್ಲಿ ನನ್ನ ಪಾಲಿಗೆ ಬಂದಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಗೋಕರ್ಣ, ಮುರುಡೇಶ್ವರ ಎರಡನ್ನೂ ಹೊಡೆದುಹಾಕಿ. ಶಿರಸಿ ಘಟ್ಟದ ಮೇಲಿನ ಊರು, ಅವು ಕೆಳಗಿನವು. ಘಟ್ಟ ಇಳಿದು, ಸಮುದ್ರ ನೋಡಿ, ಅದೇ ದಿನ ಮತ್ತೆ ಘಟ್ಟ ಹತ್ತುವುದು ವಯಸ್ಸಾದವರನ್ನು ಕಟ್ಟಿಕೊಂಡು ಮಾಡುವ ಕೆಲಸವಲ್ಲ. ಅದರ ಮೇಲೆ ಕ್ರಿಸ್‌ಮಸ್ ರಜೆಯ ಜನ. ಕರಾವಳಿಗೆ ಇನ್ನೊಂದು ಸಲ ಬಂದು ಕುಮಟಾದಲ್ಲೇ ಉಳಿಯಿರಿ.

ಉಳಿದದ್ದನ್ನು ಕಿಲೋಮೀಟರು ನೋಡಿ ಜೋಡಿಸಬೇಡಿ, ರಸ್ತೆ ನೋಡಿ ಜೋಡಿಸಿ. ಸಿದ್ದಾಪುರದ ರಸ್ತೆ, ಯಲ್ಲಾಪುರದ ರಸ್ತೆ, ಬನವಾಸಿ ರಸ್ತೆ, ಕುಮಟಾ ರಸ್ತೆ. ದಿನಕ್ಕೆ ಒಂದೇ ರಸ್ತೆ. ಬನವಾಸಿಯೂ ಹತ್ತಿರ, ಸಹಸ್ರಲಿಂಗವೂ ಹತ್ತಿರ ಎಂದು ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಂಡವರು ಮಧ್ಯಾಹ್ನ ಮತ್ತೆ ಶಿರಸಿ ಪೇಟೆಯ ಟ್ರಾಫಿಕ್ಕಿನಲ್ಲಿ ನಿಂತಿರುತ್ತಾರೆ. ನಮ್ಮ ಒಳರಸ್ತೆಗಳಲ್ಲಿ ಗಂಟೆಗೆ ಮೂವತ್ತೈದು ಕಿಲೋಮೀಟರ್ ಎಂದು ಲೆಕ್ಕ ಹಾಕಿ. ಡಿಸೆಂಬರಿನಲ್ಲಿ ಆರೂವರೆಗೆಲ್ಲ ಕತ್ತಲೆ. ಕತ್ತಲಾದ ಮೇಲೆ ತಿರುವಿನಲ್ಲಿ ದನ ಮಲಗಿರುತ್ತವೆ, ಎದುರಿನಿಂದ ಅಡಿಕೆ ತುಂಬಿದ ಪಿಕಪ್ ಬರುತ್ತದೆ. ಐದೂವರೆಗೆ ವಾಪಸು ಮುಖ ಮಾಡಿರಬೇಕು.

ಇನ್ನು ನೀರಿನ ವಿಷಯ, ಇದೇ ಮುಖ್ಯ. ಜೋಗದ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರಿಂದ. ಶರಾವತಿಯ ನೀರು ಅಲ್ಲಿ ನಿಲ್ಲುತ್ತದೆ, ಕರೆಂಟಿಗೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಂಡೆಗೆ ಅಂಟಿದ ಬಿಳಿ ದಾರದ ಹಾಗೆ ಕಾಣುತ್ತವೆ. ಆದರೆ 253 ಮೀಟರಿನ ಆ ಕಂದಕ ಎಲ್ಲಿಗೂ ಹೋಗುವುದಿಲ್ಲ. ನೀರು ಸಣ್ಣದಾದಾಗಲೇ ಬಂಡೆಯ ಗೋಡೆ ಪೂರ್ತಿ ಕಾಣುವುದು, ಅದು ನನಗೆ ತುಂಬಾ ಇಷ್ಟ. ಮಗನಿಗೆ ಮೊದಲೇ ಹೇಳಿ ಕರೆದುಕೊಂಡು ಬನ್ನಿ, ಫೋಟೋದಲ್ಲಿ ನೋಡಿದ್ದು ಆಗಸ್ಟಿನ ಜೋಗ ಎಂದು.

ಧುಮ್ಮಿಕ್ಕುವ ನೀರೇ ಬೇಕೆಂದರೆ ಉಂಚಳ್ಳಿ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಈ ನದಿಯನ್ನು ಹಾಗೇ ಉಳಿಸಿಕೊಂಡದ್ದು ನಮ್ಮ ಜಿಲ್ಲೆಯ ದೊಡ್ಡ ಪುಣ್ಯ. ಮಳೆ ಚೆನ್ನಾಗಿ ಆದ ವರ್ಷ ಡಿಸೆಂಬರ್ ಕೊನೆಗೂ 116 ಮೀಟರಿನಿಂದ ನೀರು ಬೀಳುತ್ತಿರುತ್ತದೆ, ಸದ್ದು ಕಾಡಿನ ಒಳಗೇ ಕೇಳಲು ಶುರುವಾಗುತ್ತದೆ. ಸಿದ್ದಾಪುರದ ರಸ್ತೆಯಿಂದ ಹೆಗ್ಗರಣಿ ಕಡೆ ಒಳಗೆ ಹೋಗಬೇಕು. ಆದರೆ ಮೆಟ್ಟಿಲಿದೆ, ನಿಮ್ಮ ಅಮ್ಮನಿಗೆ ಆಗದು.

ಅಮ್ಮನಿಗೆ ಹೇಳಿಮಾಡಿಸಿದ್ದು ಮಾಗೋಡು. ಯಲ್ಲಾಪುರದ ಆಚೆ, ಬೇಡ್ತಿ ನದಿ ಬೀಳುವ ಜಾಗ. ನೋಡುವ ಕಟ್ಟೆ ಕಾರು ನಿಲ್ಲಿಸುವ ಜಾಗಕ್ಕೆ ಹತ್ತಿರ. ಆ ದಾರಿಯಲ್ಲೇ ಕವಡಿಕೆರೆ, ಸಂಜೆಗೆ ಜೇನುಕಲ್ಲು ಗುಡ್ಡ. ಹೋಗುವಾಗ ಸೋಂದಾ, ಸಹಸ್ರಲಿಂಗ ಎರಡೂ ಯಲ್ಲಾಪುರ ರಸ್ತೆಯ ಪಕ್ಕಕ್ಕೇ ಸಿಗುತ್ತವೆ. ಶಾಲ್ಮಲೆ ನದಿಯ ಬಂಡೆಗಳ ಮೇಲೆ ಸೋದೆ (ಸೋಂದಾ) ಅರಸರ ಕಾಲದಲ್ಲಿ ಕೆತ್ತಿಸಿದ ಲಿಂಗಗಳು ಮಳೆಗಾಲದಲ್ಲಿ ಮುಳುಗಿರುತ್ತವೆ, ನೀವು ಬರುವ ಹೊತ್ತಿಗೆ ಒಂದೊಂದೇ ಮೇಲೆ ಎದ್ದಿರುತ್ತವೆ. ಲಿಂಗದ ಎದುರು ಅಂಗೈಯಷ್ಟು ನಂದಿ, ಅದರ ಬೆನ್ನ ಮೇಲೆ ಹಸಿರು ಪಾಚಿ. ಮಗ ಬಂಡೆಯಿಂದ ಬಂಡೆಗೆ ಹಾರುತ್ತಾನೆ, ಕೈ ಬಿಡಬೇಡಿ, ತುಂಬಾ ಜಾರುತ್ತದೆ.

ಸಾತೊಡ್ಡಿ ಜಲಪಾತವನ್ನು ಅದೇ ದಿನಕ್ಕೆ ತುರುಕಬೇಡಿ.

ಸಿದ್ದಾಪುರದಾಕೆ:

ಮೇಲಿನವರ ಮಾತು ಸರಿ, ಒಂದು ಮಾತ್ರ ಒಪ್ಪುವುದಿಲ್ಲ. ಅಮ್ಮನಿಗೆ ಆಗದು ಎಂದು ಉಂಚಳ್ಳಿಯನ್ನೇ ಬಿಡಬೇಡಿ. ಗಂಡ, ಮಗ ಬೆಳಿಗ್ಗೆ ಇಬ್ಬರೇ ಹೋಗಿ ಊಟದ ಹೊತ್ತಿಗೆ ಬರಲಿ. ಹಿರಿಯರು ತೋಟದ ಮನೆಯಲ್ಲೇ ಇರಲಿ. ಡಿಸೆಂಬರ್ ಎಂದರೆ ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ. ಮರದ ತುದಿಯಲ್ಲಿರುವವನು ಕೊನೆ ಕೊಯ್ದು ಹಗ್ಗಕ್ಕೆ ಬಿಡುತ್ತಾನೆ, ಅದು ಸುಯ್ಯನೆ ಜಾರಿ ಬಂದು ಕೆಳಗೆ ಹಗ್ಗ ಹಿಡಿದವನ ಕೈಯಲ್ಲಿ ನಿಲ್ಲುತ್ತದೆ. ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯುವವರು ಸಾಲಾಗಿ ಕೂತಿರುತ್ತಾರೆ, ಹಂಡೆಯಲ್ಲಿ ಬೇಯುವ ಅಡಿಕೆಯ ಒಗರು ವಾಸನೆ ಮನೆ ತುಂಬಾ. ಇದನ್ನು ನೋಡುತ್ತಾ ಒಂದು ಬೆಳಿಗ್ಗೆ ಕಳೆದರೆ ನಷ್ಟವಿಲ್ಲ.

ಜೋಗಕ್ಕೆ ಹೋದ ದಿನ ಅಲ್ಲಿಂದಲೇ ವಾಪಸು ತಿರುಗಬೇಡಿ. ಸಾಗರದ ಕಡೆ ಮುಂದೆ ಹೋಗಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿಯ ರಾಮೇಶ್ವರ ದೇವಸ್ಥಾನ, ಎರಡೂ ಸಾಗರಕ್ಕೆ ಹತ್ತಿರ. ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದನ್ನು ಅಪ್ಪ ಮಕ್ಕಳಿಗೆ ಪಾಠ ಮಾಡಿಯೇ ಇರುತ್ತಾರೆ. ಗಂಡಭೇರುಂಡವನ್ನು ಮೊಮ್ಮಗನಿಗೆ ತೋರಿಸಲಿ. ಜೋಗಕ್ಕೆ ತೀರಾ ಬೆಳಗಿನಲ್ಲಿ ಹೋಗಬೇಡಿ, ಕಂದಕದ ತುಂಬಾ ಮಂಜು ಇರುತ್ತದೆ, ಒಂಬತ್ತು ದಾಟಲಿ. ಶನಿವಾರ, ಭಾನುವಾರವೂ ಬೇಡ.

ಸೊರಬದ ಮೇಷ್ಟ್ರು:

ಇತಿಹಾಸದ ಮೇಷ್ಟ್ರು ಬರುತ್ತಿದ್ದಾರೆ ಎಂದು ಕೇಳಿ ಸುಮ್ಮನಿರಲಾಗಲಿಲ್ಲ. ಬನವಾಸಿಯನ್ನು ಅರ್ಧ ದಿನದಲ್ಲಿ ಮುಗಿಸುವವರೇ ಹೆಚ್ಚು. ದಯವಿಟ್ಟು ಇಡೀ ದಿನ ಕೊಡಿ.

ಮಧುಕೇಶ್ವರ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ. ಹೆಚ್ಚು ಹತ್ತುವುದು ಇಳಿಯುವುದು ಇಲ್ಲ, ತಾಯಿಯವರಿಗೆ ತೊಂದರೆಯಾಗದು. ಒಳಗಿನ ಕಂಬಗಳನ್ನು ಎಷ್ಟು ನುಣುಪಾಗಿ ತಿರುವಿದ್ದಾರೆಂದರೆ ಎದುರು ನಿಂತವರ ಮುಖ ಕಾಣುತ್ತದೆ. ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ ಎಂದು ಊರಿನವರು ತೋರಿಸುತ್ತಾರೆ. ಸೋದೆ ಅರಸರ ಕಾಲದ ಕಲ್ಲಿನ ಮಂಚ ಇದೆ, ಅದರ ಕೆತ್ತನೆಯನ್ನು ಬಗ್ಗಿ ನೋಡಬೇಕು. ಐದು ಹೆಡೆಯ ನಾಗಶಿಲೆಯನ್ನು ಮರೆಯಬೇಡಿ. ಅದರ ಮೇಲಿರುವುದು ಪ್ರಾಕೃತ ಶಾಸನ, ಕದಂಬರಿಗಿಂತ ಹಿಂದಿನದು. ಮಯೂರವರ್ಮ ಬರುವ ಮೊದಲೇ ಇದು ಊರಾಗಿತ್ತು ಎನ್ನುವುದಕ್ಕೆ ಆ ಕಲ್ಲೇ ಸಾಕ್ಷಿ. ಆಮೇಲೆ ವರದೆಯ ದಡಕ್ಕೆ ಹೋಗಿ, ನದಿ ಊರನ್ನು ಹೇಗೆ ಬಳಸಿಕೊಂಡು ಹರಿಯುತ್ತದೆ ನೋಡಿ. ಇಲ್ಲೇ ಏಕೆ ರಾಜಧಾನಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿಂದ ಆನವಟ್ಟಿ ಕಡೆ ಹೊರಟರೆ ಕುಬಟೂರಿನ ಕೈಟಭೇಶ್ವರ, ಮುಂದೆ ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿಯ ಕೇದಾರೇಶ್ವರ, ಪಕ್ಕದಲ್ಲೇ ತಾಳಗುಂದ. ಮಯೂರವರ್ಮ ಇನ್ನೂ ಮಯೂರಶರ್ಮನಾಗಿದ್ದಾಗ ಕಂಚಿಯ ಘಟಿಕೆಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು, ನಮಗೆ ಗೊತ್ತಿರುವ ಈ ಕಥೆಯೆಲ್ಲ ತಾಳಗುಂದದ ಸ್ತಂಭಶಾಸನದಲ್ಲಿದೆ. ಬರೆದ ಕವಿ ಕುಬ್ಜ, ಅವನ ಹೆಸರೂ ಅದರಲ್ಲೇ ಇದೆ. ಜೀವಮಾನವೆಲ್ಲ ಆ ಪಾಠ ಮಾಡಿದವರು ಪ್ರಣವೇಶ್ವರ ಗುಡಿಯ ಎದುರಿನ ಆ ಕಂಬದ ಮುಂದೆ ಒಮ್ಮೆ ನಿಲ್ಲಲೇಬೇಕು. ನನ್ನ ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಹೋದಾಗಲೆಲ್ಲ ಗಲಾಟೆ ಮಾಡುವವರೂ ಅಲ್ಲಿ ಅಕ್ಷರ ಹುಡುಕಲು ಶುರು ಮಾಡುತ್ತಾರೆ.

ವಿಜಯನಗರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ತಾಳಗುಂದದ ಹೆಸರು ಬಂದ ಕೂಡಲೇ ಒಳಗೆ ಹೋಗಿ ಹಳೆಯ ನೋಟ್ಸ್ ಹುಡುಕಿ ತಂದರು. ಹಾಗಾದರೆ ಒಂದು ದಿನ ಬನವಾಸಿ, ತಾಳಗುಂದ. ಒಂದು ದಿನ ಜೋಗ, ಇಕ್ಕೇರಿ, ಕೆಳದಿ. ಒಂದು ದಿನ ಸಹಸ್ರಲಿಂಗ, ಸೋಂದಾ, ಮಾಗೋಡು. ಉಳಿದ ದಿನಕ್ಕೆ ಯಾಣವೋ, ಬೆಳಿಗ್ಗೆ ಉಂಚಳ್ಳಿ ಆಮೇಲೆ ತೋಟವೋ?

ಬೆಟ್ಟದಂಚಿನವ:

ಉಂಚಳ್ಳಿ ಮತ್ತು ತೋಟ. ಸಿದ್ದಾಪುರದವರು ಹೇಳಿದ್ದು ನನಗಿಂತ ಒಳ್ಳೆಯ ಸಲಹೆ. ಯಾಣದ ಭೈರವೇಶ್ವರ ಶಿಖರ 120 ಮೀಟರಿನ ಕಪ್ಪು ಬಂಡೆ, ಅದರ ಸೀಳಿನೊಳಗೆ ಬರಿಗಾಲಿನಲ್ಲಿ ಸುತ್ತು ಹಾಕುವುದೇ ಅಲ್ಲಿನ ಅನುಭವ. ಅಮ್ಮನನ್ನು ಕೆಳಗೆ ಕೂರಿಸಿ ನೀವು ಹತ್ತಿದರೆ ಯಾರಿಗೂ ಸಮಾಧಾನ ಇರುವುದಿಲ್ಲ. ಆ ದಿನ ಸಂಜೆ ಶಿರಸಿ ಪೇಟೆಗೆ ಬಂದು ಮಾರಿಕಾಂಬಾ ದೇವಸ್ಥಾನ ನೋಡಿ. ಗೋಡೆಯ ಮೇಲಿನ ಕಾವಿ ಚಿತ್ರಗಳನ್ನು ನಿಧಾನವಾಗಿ ನೋಡಿ, ಹೆಚ್ಚಿನವರು ದರ್ಶನ ಮುಗಿಸಿ ಅದನ್ನು ಗಮನಿಸದೇ ಹೊರಡುತ್ತಾರೆ.

ದಿನಗಳ ಕ್ರಮವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಬಂದ ಮರುದಿನವೇ ಉದ್ದದ ದಿನ ಬೇಡ, ಉಂಚಳ್ಳಿ ಮತ್ತು ತೋಟ ಮೊದಲಿಗಿರಲಿ. ಬನವಾಸಿ ಎರಡನೆಯ ದಿನ, ಅಪ್ಪ ಸುಸ್ತಾಗುವ ಮೊದಲು. ಉಳಿದ ಎರಡು ದಿನಗಳಲ್ಲಿ ಯಾವುದು ವಾರದ ನಡುವೆ ಬರುತ್ತದೋ ಆ ದಿನ ಜೋಗ, ಇನ್ನೊಂದು ದಿನ ಮಾಗೋಡು ಇಟ್ಟುಕೊಳ್ಳಿ. ಹೆಗ್ಗರಣಿ, ಮಾಗೋಡು ಕಡೆ ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡೇ ಹೊರಡಿ. ಪೆಟ್ರೋಲ್ ಶಿರಸಿಯಲ್ಲೇ ತುಂಬಿಸಿ, ಕೈಯಲ್ಲಿ ಚಿಲ್ಲರೆ ಇರಲಿ. ಮಧ್ಯಾಹ್ನದ ಊಟಕ್ಕೆ ಹೋಂಸ್ಟೇಯವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ಬುತ್ತಿ ಕಟ್ಟಿಕೊಡುತ್ತಾರೆ. ಅಪ್ಪೆಹುಳಿ (ಮಾವಿನಕಾಯಿಯ ತಿಳಿಸಾರು) ಕೇಳಿ ಪಡೆಯಿರಿ.