‘ಸುದ್ದಿ ಏನೂ ಇಲ್ಲ’: 1930ರ ಏಪ್ರಿಲ್ 18ರಂದು ನಿಜಕ್ಕೂ ಏನೂ ನಡೆಯಲಿಲ್ಲವೇ?

ಪ್ರಶ್ನೆ (ರೇಡಿಯೊ ಕೇಳುಗ):

ಎಲ್ಲರಿಗೂ ನಮಸ್ಕಾರ. 1930ರ ಏಪ್ರಿಲ್ 18ರ ರಾತ್ರಿ 8.45ಕ್ಕೆ ಲಂಡನ್ನಿನ ಬಿಬಿಸಿಯಲ್ಲಿ ವಾರ್ತೆ ಓದಬೇಕಾಗಿದ್ದವರು, ಇಂದು ಗುಡ್ ಫ್ರೈಡೆ, ಸುದ್ದಿ ಏನೂ ಇಲ್ಲ ಎಂದು ಹೇಳಿ ಅಲ್ಲಿಗೇ ಮುಗಿಸಿದರು. ವಾರ್ತೆಗೆಂದು ಮೀಸಲಾಗಿದ್ದ ಕಾಲು ಗಂಟೆಯ ಉಳಿದ ಹೊತ್ತನ್ನು ಪಿಯಾನೊ ವಾದನದಿಂದ ತುಂಬಿ, ನಂತರ ಕ್ವೀನ್ಸ್ ಹಾಲ್ ಸಭಾಂಗಣದಿಂದ ಬರುತ್ತಿದ್ದ ವಾಗ್ನರನ ಸಂಗೀತಕ್ಕೆ ಮರಳಿದರು. ಈ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ಜೊತೆಗೆ ಒಂದು ಪ್ರಶ್ನೆಯೂ ಕಾಡುತ್ತದೆ. ಅರ್ಧ ಪ್ರಪಂಚವನ್ನು ಆಳುತ್ತಿದ್ದ ಸಾಮ್ರಾಜ್ಯದ ರಾಜಧಾನಿಗೆ ಆ ದಿನ ಹೇಳಿಕೊಳ್ಳಲು ಒಂದೇ ಒಂದು ವಾಕ್ಯದಷ್ಟು ಸುದ್ದಿಯೂ ಸಿಗಲಿಲ್ಲವೆಂದರೆ ಹೇಗೆ? ಅದೇ ದಿನ ಬೇರೆಡೆ, ಮುಖ್ಯವಾಗಿ ನಮ್ಮ ದೇಶದಲ್ಲಿ, ಏನು ನಡೆಯುತ್ತಿತ್ತೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಹಳೆಯ ಪ್ರಸಾರ ಪ್ರಿಯ):

ಮೊದಲು ಆ ವಾರ್ತಾವಾಚಕರ ಪರವಾಗಿ ಎರಡು ಮಾತು. ಆ ಕಾಲದ ಬಿಬಿಸಿ ಇಂದಿನ ಬಿಬಿಸಿಯಂತೆ ಊರೂರಿಗೆ ವರದಿಗಾರರನ್ನು ಕಳುಹಿಸುವ ಸಂಸ್ಥೆಯಾಗಿರಲಿಲ್ಲ. ರಾಯಿಟರ್ಸ್ ಮೊದಲಾದ ಸುದ್ದಿ ಸಂಸ್ಥೆಗಳು ಕಳುಹಿಸಿದ್ದನ್ನೇ ಅದು ಓದುತ್ತಿತ್ತು. ರೇಡಿಯೊದಲ್ಲೇ ಎಲ್ಲವೂ ಕೇಳಿಸಿದರೆ ತಮ್ಮ ಪತ್ರಿಕೆಗಳನ್ನು ಯಾರು ಕೊಂಡಾರು ಎಂಬ ಭಯ ಪತ್ರಿಕಾ ಮಾಲೀಕರಿಗೆ ಇದ್ದುದರಿಂದ, ಆರಂಭದ ವರ್ಷಗಳಲ್ಲಿ ಸಂಜೆ 7ಕ್ಕೆ ಮೊದಲು ವಾರ್ತೆ ಓದಲು ಅನುಮತಿಯೇ ಇರಲಿಲ್ಲ. ಹೀಗೆ ಎರವಲು ಸುದ್ದಿಯ ಮೇಲೆ ನಿಂತಿದ್ದ ಸಂಸ್ಥೆಗೆ ಗುಡ್ ಫ್ರೈಡೆಯಂದು, ಅಂದರೆ ಕಚೇರಿಗಳೂ ವ್ಯಾಪಾರವೂ ಬಾಗಿಲು ಮುಚ್ಚುವ ದಿನದಂದು, ಹೇಳಿಕೊಳ್ಳುವಂಥದ್ದು ಸಿಗದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಏನಾದರೊಂದನ್ನು ಹಿಗ್ಗಿಸಿ ಹದಿನೈದು ನಿಮಿಷ ತುಂಬುವ ದಾರಿ ಅವರ ಮುಂದೆ ಇದ್ದೇ ಇತ್ತು. ಅದನ್ನು ಹಿಡಿಯದೆ ಪಿಯಾನೊ ಕೇಳಿಸಿದ್ದು ಕೇಳುಗರಿಗೆ ತೋರಿದ ಗೌರವವೆಂದೇ ನಾನು ಭಾವಿಸುತ್ತೇನೆ.

ಉತ್ತರ (ಇತಿಹಾಸದ ಓದುಗ):

ಹಿಂದಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಈ ಪ್ರಸಂಗದ ನಿಜವಾದ ಸ್ವಾರಸ್ಯ ಇರುವುದು ಲಂಡನ್ನಿನಲ್ಲಲ್ಲ, ಆಗಿನ ಬಂಗಾಳದ, ಈಗ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗಿನಲ್ಲಿ. ಅದೇ ಏಪ್ರಿಲ್ 18ರ ರಾತ್ರಿ ಸುಮಾರು 10 ಗಂಟೆಗೆ ಸೂರ್ಯ ಸೇನ್ ನೇತೃತ್ವದ ಕ್ರಾಂತಿಕಾರಿಗಳು, ಅವರಲ್ಲಿ ಹಲವರು ಇನ್ನೂ ಶಾಲಾ ಕಾಲೇಜು ವಿದ್ಯಾರ್ಥಿಗಳು, ಪೊಲೀಸ್ ಶಸ್ತ್ರಾಗಾರದ ಮೇಲೂ ಸಹಾಯಕ ಸೇನೆಯ ಶಸ್ತ್ರಾಗಾರದ ಮೇಲೂ ಒಟ್ಟಿಗೇ ದಾಳಿ ಮಾಡಿದರು. ಗಣೇಶ ಘೋಷ್ ಮತ್ತು ಲೋಕನಾಥ ಬಲ್ ಆ ಎರಡು ತಂಡಗಳ ಮುಂದಾಳುಗಳಾಗಿದ್ದರು. ಗಡಿಯಾರದ ವ್ಯತ್ಯಾಸವನ್ನು ಲೆಕ್ಕ ಹಾಕಿದರೆ ಆಗ ಲಂಡನ್ನಿನಲ್ಲಿ ಸಂಜೆ 5 ಗಂಟೆ ದಾಟಿತ್ತಷ್ಟೆ. ಅಂದರೆ ಬ್ರಿಟಿಷ್ ಆಳ್ವಿಕೆಯ ಒಂದು ಪಟ್ಟಣದಲ್ಲಿ ಶಸ್ತ್ರಾಗಾರಗಳೇ ಕೈತಪ್ಪಿ ಮೂರು ಗಂಟೆಗೂ ಹೆಚ್ಚು ಹೊತ್ತು ಕಳೆದ ಮೇಲೆ, ಆ ಸಾಮ್ರಾಜ್ಯದ ರಾಜಧಾನಿಯಲ್ಲಿ ಸುದ್ದಿ ಏನೂ ಇಲ್ಲವೆಂಬ ಪ್ರಕಟಣೆ ಕೇಳಿಬಂತು!

ಸುದ್ದಿ ತಲುಪದಿರಲು ಕಾರಣವೂ ಇತ್ತು. ಅಂಬಿಕಾ ಚಕ್ರವರ್ತಿಯವರ ತಂಡ ಮೊದಲೇ ದೂರವಾಣಿ ಮತ್ತು ತಂತಿ ಕಚೇರಿಯನ್ನು ನಾಶಮಾಡಿತ್ತು. ರೈಲು ಸಂಪರ್ಕವನ್ನೂ ಕಡಿದುಹಾಕಲಾಗಿತ್ತು. ಅಂದಿನ ಅತಿ ದೊಡ್ಡ ಸುದ್ದಿಯ ಮೊದಲ ಕೆಲಸವೇ ಸುದ್ದಿ ಹೋಗುವ ತಂತಿಯನ್ನು ಕತ್ತರಿಸುವುದಾಗಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಯುರೋಪಿಯನ್ನರ ಕ್ಲಬ್ಬಿಗೆ ನುಗ್ಗುವುದೂ ಅವರ ಯೋಜನೆಯಲ್ಲಿ ಸೇರಿತ್ತು. ಆದರೆ ಗುಡ್ ಫ್ರೈಡೆಯಾದ್ದರಿಂದ ಕ್ಲಬ್ ಬಹುಮಟ್ಟಿಗೆ ಖಾಲಿಯಾಗಿತ್ತು. ಲಂಡನ್ನಿನ ವಾರ್ತಾವಾಚಕರನ್ನು ಬರಿಗೈಯಲ್ಲಿ ಕೂರಿಸಿದ ಅದೇ ರಜೆ ಚಿತ್ತಗಾಂಗಿನ ಹುಡುಗರನ್ನೂ ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿತು. ಶಸ್ತ್ರಾಗಾರದಲ್ಲೂ ಬಂದೂಕುಗಳು ಸಿಕ್ಕವೇ ಹೊರತು ಅವಕ್ಕೆ ಬೇಕಾದ ಮದ್ದುಗುಂಡು ಸಿಗಲಿಲ್ಲ. ಆದರೂ ಸೂರ್ಯ ಸೇನ್ ಅಲ್ಲಿಯೇ ಧ್ವಜವೇರಿಸಿ, ತಾತ್ಕಾಲಿಕ ಕ್ರಾಂತಿಕಾರಿ ಸರ್ಕಾರವನ್ನು ಘೋಷಿಸಿ, ಬೆಟ್ಟಗಳ ಕಡೆಗೆ ನಡೆದರು. ನಗುವಿಗೆ ಜಾಗ ಇರುವುದು ಇಲ್ಲಿಯವರೆಗೆ ಮಾತ್ರ. ಏಪ್ರಿಲ್ 22ರಂದು ಜಲಾಲಾಬಾದ್ ಬೆಟ್ಟದಲ್ಲಿ ನಡೆದ ಕಾಳಗದಲ್ಲಿ ಅವರಲ್ಲಿ ಹಲವರು ಪ್ರಾಣ ತೆತ್ತರು, 1934ರ ಜನವರಿಯಲ್ಲಿ ಸೂರ್ಯ ಸೇನ್ ಅವರನ್ನು ಗಲ್ಲಿಗೇರಿಸಲಾಯಿತು.

ಉತ್ತರ (ಕರಾವಳಿಯವನು):

ಚಿತ್ತಗಾಂಗ್ ತಂತಿ ಕಡಿದುಕೊಂಡು ಕುಳಿತಿತ್ತು, ಸರಿ. ಉಳಿದ ದೇಶಕ್ಕೆ ಏನಾಗಿತ್ತು? ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದಿದ್ದರು. ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಅದೇ ಕಾನೂನನ್ನು ಮುರಿದು ಕರ್ನಾಟಕದ ಪಾಲಿನ ಸತ್ಯಾಗ್ರಹವನ್ನು ಆರಂಭಿಸಿದ್ದರು. ಏಪ್ರಿಲ್ 14ರಂದು ಜವಾಹರಲಾಲ್ ನೆಹರೂ ಅವರ ಬಂಧನವಾಗಿತ್ತು. ಸಮುದ್ರತೀರದ ಊರೂರಿನಲ್ಲಿ ಜನ ಉಪ್ಪು ಕಾಯಿಸುತ್ತ, ಪೊಲೀಸರ ಏಟು ತಿನ್ನುತ್ತ, ಜೈಲು ಸೇರುತ್ತಿದ್ದ ವಾರದ ನಟ್ಟನಡುವೆ ಬಂದ ಶುಕ್ರವಾರವದು. ಹಾಗಾಗಿ ಮೇಲಿನ ಉತ್ತರದಲ್ಲಿ ಬಿಬಿಸಿಗೆ ಕೊಟ್ಟ ರಿಯಾಯಿತಿಯನ್ನು ನಾನು ಪೂರ್ತಿ ಕೊಡಲಾರೆ. ಲಂಡನ್ನಿನ ಕಚೇರಿಗಳಿಗೆ ರಜೆ ಇದ್ದಿರಬಹುದು, ಅಂಕೋಲೆಯ ಕಡಲತೀರಕ್ಕೆ ಇರಲಿಲ್ಲ.

ಉತ್ತರ (ಹಳೆಯ ಪ್ರಸಾರ ಪ್ರಿಯ):

ಕರಾವಳಿಯವರ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ಪೂರಕವಾಗಿ ಇನ್ನೊಂದು ದಿನವನ್ನು ಪಕ್ಕದಲ್ಲಿ ಇಟ್ಟು ನೋಡಬಹುದು. 2010ರಲ್ಲಿ ಕೇಂಬ್ರಿಜ್‌ನ ವಿಲಿಯಂ ಟನ್‌ಸ್ಟಾಲ್-ಪೀಡೋ ಎಂಬ ತಂತ್ರಜ್ಞರು ತಮ್ಮ ಸಂಸ್ಥೆಯ ಕಂಪ್ಯೂಟರಿಗೆ ಸುಮಾರು 30 ಕೋಟಿ ಸಂಗತಿಗಳನ್ನು ಉಣಿಸಿ, ಇಪ್ಪತ್ತನೆಯ ಶತಮಾನದ ಅತ್ಯಂತ ನೀರಸ ದಿನ ಯಾವುದೆಂದು ಕೇಳಿದರು. ಅದು ಆರಿಸಿದ್ದು 1930ರ ಆ ಶುಕ್ರವಾರವನ್ನಲ್ಲ, 1954ರ ಏಪ್ರಿಲ್ 11ರ ಭಾನುವಾರವನ್ನು. ಅಂದು ಲೆಕ್ಕಕ್ಕೆ ಸಿಕ್ಕ ಪ್ರಮುಖ ಘಟನೆಯೆಂದರೆ ಬೆಲ್ಜಿಯಂನ ಸಾರ್ವತ್ರಿಕ ಚುನಾವಣೆ. ಆದರೆ ಬೆಲ್ಜಿಯಂನವರ ಮುಂದೆ ಆ ದಿನವನ್ನು ನೀರಸವೆಂದು ಕರೆದರೆ ಅವರು ಖಂಡಿತ ಒಪ್ಪಲಾರರು. ಆ ಚುನಾವಣೆಯಲ್ಲಿ ಕ್ರೈಸ್ತ ಪಕ್ಷ ತನ್ನ ಬಹುಮತ ಕಳೆದುಕೊಂಡಿತು, ಆಶಿಲ್ ವಾನ್ ಆಕರ್ ಅವರು ಸಮಾಜವಾದಿಗಳನ್ನೂ ಲಿಬರಲ್ಲರನ್ನೂ ಒಟ್ಟುಗೂಡಿಸಿ ಸರ್ಕಾರ ರಚಿಸಿದರು, ಚರ್ಚಿನ ಶಾಲೆಗಳಿಗೆ ಸರ್ಕಾರದ ಹಣ ಎಷ್ಟು ಸಲ್ಲಬೇಕೆಂಬ ವಿಷಯದಲ್ಲಿ ಹೊತ್ತಿಕೊಂಡ ಜಗಳ 1958ರಲ್ಲಿ ಒಪ್ಪಂದವಾಗುವವರೆಗೂ ಆ ದೇಶವನ್ನು ಎರಡಾಗಿ ಸೀಳಿತು.