ಬಸುರಿನಲ್ಲಿ ಒಲಾಂಜಪೈನ್: ಬಿಟ್ಟವರು, ಮುಂದುವರಿಸಿದವರು ಅನುಭವ ತಿಳಿಸಿ

ಪ್ರಶ್ನೆ (ಹಾಸನ): ನನಗೀಗ ಹತ್ತನೆಯ ವಾರ. ನಾಲ್ಕು ವರ್ಷಗಳಿಂದ ಒಲಾಂಜಪೈನ್ (ಭ್ರಮೆಯಂಥ ಮನೋರೋಗಗಳಿಗೆ ಕೊಡುವ ಆಂಟಿಸೈಕೋಟಿಕ್ ಗುಂಪಿನ ಮಾತ್ರೆ) 10 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದೇನೆ. ಮುಂದುವರಿಸಿ ಎನ್ನುತ್ತಾರೆ ವೈದ್ಯರು, ಬಿಟ್ಟುಬಿಡು ಎನ್ನುತ್ತಾರೆ ಅತ್ತೆ. ಇದೇ ಮಾತ್ರೆಯಲ್ಲಿದ್ದು ಹಾಲೂಡಿಸಿದವರಿದ್ದರೆ ದಯವಿಟ್ಟು ತಿಳಿಸಿ.

ಶಿವಮೊಗ್ಗದವರು: ನಾನು ಬಿಟ್ಟವಳು. ಏಳನೆಯ ವಾರದಲ್ಲಿ ಯಾರನ್ನೂ ಕೇಳದೆ 5 ಮಿ.ಗ್ರಾಂ. ಮಾತ್ರೆ ನಿಲ್ಲಿಸಿ, ಉಳಿದ ಎರಡು ಶೀಟುಗಳನ್ನು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟೆ. ಐದನೆಯ ತಿಂಗಳಿಗೆ ನಿದ್ದೆ ಹೋಯಿತು. ಸೀಮಂತದ ದಿನ, ತೊಡಿಸಿದ ಬಳೆಗಳಲ್ಲಿ ಯಾರೋ ಏನನ್ನೋ ಅಡಗಿಸಿದ್ದಾರೆಂದು ಒಂದೊಂದಾಗಿ ಒಡೆದು ಹಾಕಿದೆ. ಖಾಸಗಿ ಆಸ್ಪತ್ರೆಯಲ್ಲಿ 19 ದಿನ, 1,14,600 ರೂಪಾಯಿ, ವಿಮೆಯಿಂದ ಬಿಡಿಗಾಸೂ ಬರಲಿಲ್ಲ. ಮಗುವಿಗೆ ತಾಕಬಾರದೆಂದು 5 ಬಿಟ್ಟವಳಿಗೆ ಕೊನೆಗೆ 15 ಕೊಡಬೇಕಾಯಿತು; ಆ ಲೆಕ್ಕ ಇಂದಿಗೂ ಚುಚ್ಚುತ್ತದೆ.

ದಾವಣಗೆರೆಯವರು: ನಾನು ಒಂದು ದಿನವೂ ತಪ್ಪಿಸದೆ ಇದೇ 10 ಮಿ.ಗ್ರಾಂ. ನುಂಗಿದೆ, ಅದಕ್ಕೆ ನಾಚಿಕೆಯೇನೂ ಇಲ್ಲ. ತೂಕ 19 ಕಿಲೋ ಏರಿತು, 26ನೆಯ ವಾರದ ಪರೀಕ್ಷೆಯಲ್ಲಿ ಸಕ್ಕರೆ ಕಾಣಿಸಿಕೊಂಡಿತು, ಹೆರಿಗೆಯವರೆಗೂ ಇನ್ಸುಲಿನ್. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಂಡು ನೋಡುವ ಸ್ಟ್ರಿಪ್‌ಗಳಿಗೇ ತಿಂಗಳಿಗೆ 2,700 ರೂಪಾಯಿ. ಹುಟ್ಟಿದ ಮೇಲೆ ಎರಡು ದಿನ ಮಗುವಿನ ಕೈಕಾಲು ನಡುಗುತ್ತಿತ್ತು, ಹಾಲು ಸರಿಯಾಗಿ ಚೀಪಲಿಲ್ಲ. ಕೊನೆಯ ಮೂರು ತಿಂಗಳು ಈ ಔಷಧಿಗಳಲ್ಲಿದ್ದವರ ಶಿಶುಗಳಿಗೆ ಹೀಗಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದನ್ನು ನಮ್ಮ ವೈದ್ಯೆ ಮೊದಲೇ ಹೇಳಿದ್ದರಿಂದ ಎದೆಗುಂದಲಿಲ್ಲ. ಮೂರನೆಯ ದಿನಕ್ಕೆ ಸರಿಹೋಯಿತು. ಹದಿನಾಲ್ಕು ತಿಂಗಳು ಹಾಲೂಡಿಸಿದೆ.

ತುಮಕೂರಿನವರು: ನಾಚಿಕೆಯಿಲ್ಲ ಎನ್ನುವುದು ಸುಲಭ. ನಮ್ಮ ಚಿಕ್ಕಮ್ಮನ ಮಗಳಿಗೆ ಬೆನ್ನುಹುರಿಯ ದೋಷವಿರುವ ಮಗು ಹುಟ್ಟಿದ್ದು ಇಂಥದೇ ಔಷಧಿಯಿಂದ. ಮೂರು ಶಸ್ತ್ರಚಿಕಿತ್ಸೆಗಳಿಗೆ ಮನೆ ಅಡವಿಟ್ಟರು.

ದಾವಣಗೆರೆಯವರು: ಔಷಧಿಯ ಹೆಸರು ಹೇಳಿ.

ತುಮಕೂರಿನವರು: ವಾಲ್ಪ್ರೋಯೇಟ್. ಅದೂ ತಲೆಯ ಔಷಧಿಯೇ ಅಲ್ಲವೇ?

ದಾವಣಗೆರೆಯವರು: ಅದು ಈ ಗುಂಪಿನದೇ ಅಲ್ಲ. ಮೂರ್ಛೆರೋಗಕ್ಕೂ ಮನಸ್ಸಿನ ವಿಪರೀತ ಏರಿಳಿತಕ್ಕೂ ಕೊಡುವ ವಾಲ್ಪ್ರೋಯೇಟ್ ಸೇವಿಸಿದವರಲ್ಲಿ ಸುಮಾರು ಹತ್ತಕ್ಕೊಂದು ಮಗುವಿಗೆ ಹುಟ್ಟುದೋಷವಿರುತ್ತದೆ. ಒಲಾಂಜಪೈನ್‌ನಲ್ಲಿ ಅಂಥ ಏರಿಕೆ ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಹತ್ತು ವಾರದ ಬಸುರಿಯ ಮುಂದೆ ಎರಡನ್ನೂ ಒಂದೇ ಗಂಟು ಕಟ್ಟಬೇಡಿ.

ಮೈಸೂರಿನವರು: ಹದಿನಾಲ್ಕು ತಿಂಗಳ ಲೆಕ್ಕ ಕೊಡುವವರು, ನಮ್ಮಂಥವರೂ ಇದನ್ನು ಓದುತ್ತೇವೆಂದು ನೆನಪಿಟ್ಟುಕೊಳ್ಳಲಿ. ನನಗಿದ್ದದ್ದು ಇದೇ ಗುಂಪಿನ ಅರಿಪಿಪ್ರಜೋಲ್. ಅದು ಎದೆಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಇಳಿಸಿ ಹಾಲು ಬತ್ತಿಸಬಲ್ಲದೆಂದು ಯಾರೂ ಹೇಳಲಿಲ್ಲ. ಮನೆಯವರು ನಲವತ್ತು ದಿನ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿನ್ನಿಸಿ, ಕೊನೆಗೆ ತಾಯಿಗೇ ಮನಸ್ಸಿಲ್ಲ ಎಂದುಬಿಟ್ಟರು. ಡಬ್ಬಿ ಹಾಲಿಗೆ ತಿಂಗಳಿಗೆ 4,200 ರೂಪಾಯಿ, ಮೇಲೆ ಬೈಗುಳ.

ಶಿವಮೊಗ್ಗದವರು: ಡಬ್ಬಿ ಹಾಲಿಗೆ ಯಾರೂ ನಿಮ್ಮನ್ನು ಇಲ್ಲಿ ಬೈದಿಲ್ಲ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯವರಿಗೆ ಇದೇ ಗುಂಪಿನ ಕ್ಲೋಜಪೈನ್ ಇದ್ದುದರಿಂದ, ಮಗುವಿನ ಬಿಳಿ ರಕ್ತಕಣ ಕುಸಿಯಬಹುದೆಂದು, ಹಾಲೂಡಿಸಲೇ ಬಾರದೆಂದಿದ್ದರು.

ಮೈಸೂರಿನವರು: ಅವರಿಗೆ ಹೇಳುವವರಿದ್ದರು. ನನಗಿರಲಿಲ್ಲ.

ಪ್ರಶ್ನೆ ಕೇಳಿದವರು: ದಾವಣಗೆರೆಯವರೇ, ರಾತ್ರಿಯ ಮಾತ್ರೆ ಮತ್ತು ಹಾಲನ್ನು ಹೇಗೆ ಹೊಂದಿಸಿಕೊಂಡಿರಿ?

ದಾವಣಗೆರೆಯವರು: ಹತ್ತು ಗಂಟೆಗೆ ಹಾಲೂಡಿಸಿ ಮಾತ್ರೆ ನುಂಗುತ್ತಿದ್ದೆ. ಹಾಲಿಗೆ ಇಳಿಯುವ ಪ್ರಮಾಣ ಅತ್ಯಲ್ಪ, ಮಗು ಮಂಕಾಗಿದೆಯೇ ಎಂದು ಮಾತ್ರ ಗಮನಿಸಿ ಎಂದಿದ್ದರು. ನನ್ನ ನಿದ್ದೆಯೇ ಕಲ್ಲಿನಂತಿದ್ದುದರಿಂದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲಿಲ್ಲ. ತೊಟ್ಟಿಲ ಹಗ್ಗ ಅಮ್ಮನ ಕೈಯಲ್ಲಿರುತ್ತಿತ್ತು, ಎರಡು ಗಂಟೆಗೆ ನನ್ನನ್ನು ಅಲುಗಾಡಿಸಿ ಎಬ್ಬಿಸಿ, ಕೂರಿಸಿ, ಕೈಗೆ ಕೊಡುತ್ತಿದ್ದರು.